ಕುರ್ಚಿಖಾನನ ಕುದುರೆ ಲೆಕ್ಕ

ಜಗತ್ತನ್ನು ಗೆಲ್ಲುವುದಕ್ಕೆ ಒಳ್ಳೆಯ ಕುದುರೆ ಬೇಕು, ತೋಳಿನಲ್ಲಿ ಕಸುವು ಬೇಕು, ಮೇಲೆ ನೀಲಿ ಆಕಾಶದ ಕೃಪೆಯೂ ಬೇಕು ಎಂದು ಚೆಂಗೀಸ್ ಖಾನನ ಕಾಲದವರು ನಂಬಿದ್ದರು. ನನಗೆ ಅಷ್ಟೆಲ್ಲ ಬೇಡ. ಬೆನ್ನಿಗೆ ಒರಗುವ ಹಾಗಿರುವ ಒಂದು ಕುರ್ಚಿ, ಹಳೆಯದಾದರೂ ಮುನಿಸಿಕೊಳ್ಳದ ಒಂದು ಕಂಪ್ಯೂಟರು, ಮನೆಯವರೆಲ್ಲ ಮಲಗಿದ ಮೇಲಿನ ಒಂದಿಷ್ಟು ಹೊತ್ತು, ಇಷ್ಟು ಒದಗಿದರೆ ಸಾಕು, ನಾನು ಖಾನನೇ. ಒಂದು ಹನಿ ಕುದುರೆ ಹಾಲು ಕುಡಿಯದೆ, ಜೀನಿನ ಮೇಲೆ ತೊಡೆ ಉಜ್ಜಿಸಿಕೊಳ್ಳದೆ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಖಾನನಾದವನನ್ನು ಏನೆಂದು ಕರೆಯಬೇಕೆಂದು ಇತಿಹಾಸಕಾರರು ಎಲ್ಲೂ ಹೇಳಿಲ್ಲ. ಆದ್ದರಿಂದ ನಾನೇ ಒಂದು ಬಿರುದು ಹುಟ್ಟಿಸಿಕೊಂಡಿದ್ದೇನೆ: ಕುರ್ಚಿಖಾನ. ಬಿರುದಾವಳಿ ಹೊಗಳುವವರು ಯಾರೂ ಇಲ್ಲದಿರುವುದರಿಂದ ಅದನ್ನು ನಾನೇ ಮನಸ್ಸಿನಲ್ಲಿ ಆಗಾಗ ಕೂಗಿಕೊಳ್ಳುತ್ತೇನೆ.

ನನ್ನ ದಿಗ್ವಿಜಯದ ಬಯಲು ‘ಯುರೋಪಾ ಯೂನಿವರ್ಸಾಲಿಸ್’ ಎಂಬ ಆಟ, ಅದರಲ್ಲೂ ನಾಲ್ಕನೆಯದು. ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ಹೊರತಂದದ್ದು. ಹೆಸರಿನಲ್ಲಿ ಯುರೋಪು ಇದ್ದರೂ ನಕ್ಷೆ ಇಡೀ ಭೂಮಿಯದು. ಅದರ ಗಡಿಯಾರ 1444ರ ನವೆಂಬರ್ 11ರಂದು ಓಡಲು ಶುರುವಾಗಿ 1821ರ ಜನವರಿಯ ಹೊತ್ತಿಗೆ ನಿಲ್ಲುತ್ತದೆ. ವಿಜಯನಗರವೂ ಅದರಲ್ಲಿದೆ, ಎದುರಿಗೆ ಬಹಮನಿಯೂ ಇದೆ. ಕನ್ನಡಿಗನಾದವನು ತುಂಗಭದ್ರೆಯ ದಡದಲ್ಲೇ ಆಟ ಹೂಡಬೇಕಾದ್ದು ಧರ್ಮ. ಆದರೆ ನನ್ನ ಮೌಸು ಅದೇಕೋ ಹಿಮಾಲಯ ದಾಟಿ, ಟಿಬೆಟ್ಟನ್ನೂ ದಾಟಿ, ಮಂಗೋಲಿಯದ ಪಡುವಣ ಹುಲ್ಲುಬಯಲಿನಲ್ಲಿರುವ ಓಯಿರಾತರ ಮೇಲೆ ಹೋಗಿ ನಿಲ್ಲುತ್ತದೆ. ಕಾರಣ ಹುಡುಕಿದರೆ ಸಿಗುವುದು ನನ್ನ ಸೋಮಾರಿತನವೇ. ಬೇರೆ ರಾಜರಿಗೆ ಬಂದರು, ಮಾರುಕಟ್ಟೆ, ತೆರಿಗೆ, ಧರ್ಮಾಧಿಕಾರಿಗಳ ಮುನಿಸು, ಮದುವೆ ಸಂಬಂಧಗಳ ತಲೆನೋವು ಎಂದು ದೊಡ್ಡ ಸಂಸಾರ. ಓಯಿರಾತರ ಖಾನನಿಗೆ ಹುಲ್ಲು, ಕುರಿ, ಕುದುರೆ. ಹಣ ಬೇಕೆಂದರೆ ಪಕ್ಕದವನ ಊರು ಗೆದ್ದು ಸುಲಿಯುವುದು. ಸುಲಿದರೆ ಆಟ ಅಂಕಗಳನ್ನು ಧಾರಾಳವಾಗಿ ಕೊಡುತ್ತದೆ. ನಿಜಜೀವನದಲ್ಲಿ ಪಕ್ಕದ ಮನೆಯ ಕರಿಬೇವಿನ ಗಿಡದಿಂದ ಒಂದು ಎಸಳು ಕೀಳಲೂ ಅಂಜುವ ನಾನು ಇಲ್ಲಿ ಒಂದು ಪ್ರಾಂತವನ್ನೇ ಬೋಳು ಮಾಡಿ ಮುಂದಿನದಕ್ಕೆ ಕೈಹಾಕುತ್ತೇನೆ.

ಯುದ್ಧ ಹತ್ತಿಕೊಂಡಾಗ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅದನ್ನು ಕಣ್ಣಿಟ್ಟು ನೋಡುವುದು ನನಗೆ ಬಲು ಇಷ್ಟ. ಎದುರುಬದುರು ಚೌಕಗಳ ಸಾಲು. ಒಂದೊಂದು ಚೌಕವೂ 1000 ಆಳಿನ ಒಂದೊಂದು ದಳ. ನಡುವೆ ಕಾಲಾಳು, ಎರಡು ತುದಿಗೆ ಕುದುರೆ, ಹಿಂದಿನ ಸಾಲಿನಲ್ಲಿ ತೋಪು. ಒಂದೊಂದು ಕಡೆಗೂ ಒಂದೊಂದು ದಾಳ, ಸೊನ್ನೆಯಿಂದ 9ರವರೆಗೆ ಏನು ಬೇಕಾದರೂ ಬೀಳಬಹುದು. ಬೆಟ್ಟದ ಮೇಲಿನವನತ್ತ ಏರಿಹೋದರೆ ಒಂದು ಅಂಕ ಕಡಿತ, ದೊಡ್ಡ ಪರ್ವತವಾದರೆ ಎರಡು, ಹೊಳೆ ದಾಟಿ ಹೋದರೆ ಮತ್ತೊಂದು. ಮೊದಲ ಮೂರು ದಿನ ಗುಂಡಿನ ಸರದಿ. ಆಮೇಲಿನ ಮೂರು ದಿನ ನುಗ್ಗಿನ ಸರದಿ. ಮತ್ತೆ ಗುಂಡು, ಮತ್ತೆ ನುಗ್ಗು. ಹೀಗೆ ಯಾರಾದರೊಬ್ಬರ ಧೈರ್ಯ ಬತ್ತುವವರೆಗೆ. ಸಾವಿರಾರು ಜನ ಸಾಯುವ ಈ ಕಿಟಕಿಯಲ್ಲಿ ಎಂಥ ಶಿಸ್ತು! ಗುಂಡಿನವರ ಮೂರು ದಿನ ಮುಗಿಯುವ ತನಕ ನುಗ್ಗುವವರು ಕೈಕಟ್ಟಿ ಕಾಯುತ್ತಾರೆ. ನಮ್ಮ ಬಸ್‌ಸ್ಟಾಂಡುಗಳಲ್ಲಿ ಕಾಣದ ಮರ್ಯಾದೆ ಈ ರಣರಂಗದಲ್ಲಿದೆ.

ಇಲ್ಲಿಂದಲೇ ರಗಳೆ ಶುರು. ಆಟದ ಮೊದಲ ಕಾಲದಲ್ಲಿ ಕಾಲಾಳಿನ ಗುಂಡಿಗೆ ಬಲ ಕಡಮೆ, ಕುದುರೆಯ ನುಗ್ಗಿಗೆ ಬಲ ಹೆಚ್ಚು. ಬಯಲುನೆಲದಲ್ಲಂತೂ ಅಲೆಮಾರಿ ಖಾನರಿಗೆ ನುಗ್ಗಿನ ಮೇಲೆ ಇನ್ನಷ್ಟು ಬೋನಸ್ಸು, ಬೆಟ್ಟಕಾಡಿಗೆ ಹೋದರೆ ಅದೇ ಮಟ್ಟಿಗೆ ಕಡಿತ. ಯುದ್ಧವಿದ್ಯೆಗೆ 32 ಮೆಟ್ಟಿಲು. 7ನೆಯದಕ್ಕೆ ಕಾಲಿಟ್ಟರೆ ತೋಪು ಬರುತ್ತದೆ. ಮೆಟ್ಟಿಲೇರಿದ ಹಾಗೆಲ್ಲ ಗುಂಡಿನ ಮೂರು ದಿನಗಳು ಕೊಬ್ಬುತ್ತವೆ, ನುಗ್ಗಿನ ಮೂರು ದಿನಗಳು ಸೊರಗುತ್ತವೆ. ಕೊನೆಕೊನೆಗೆ ಜಾಣ ಆಟಗಾರರು ಕುದುರೆಯನ್ನು ಒಂದೆರಡು ದಳಕ್ಕಿಳಿಸಿ, ಇಲ್ಲವೇ ಪೂರ್ತಿ ಬಿಟ್ಟು, ಆ ಹಣವನ್ನೆಲ್ಲ ತೋಪಿಗೆ ಸುರಿಯುತ್ತಾರೆ. ಆಗ ಖಾನನಾಗಿ ಆಡುವವನ ಗತಿ? ಅವನಿಗೂ 1821ರವರೆಗೆ ಬದುಕುವ ಆಸೆ ಇರುವುದಿಲ್ಲವೇ? ಅವನ ಕಣ್ಣೊರೆಸಲು ಕುದುರೆಗೆ ಒಂದಿಷ್ಟು ಬಲ ಕೂಡಿಸಿದರೆ, ಅವನು 1500ನೇ ಇಸವಿಗೇ ವಿಯೆನ್ನಾದಲ್ಲಿ ಡೇರೆ ಹಾಕುತ್ತಾನೆ. ಕಳೆದರೆ ಮಾಸ್ಕೋದವನು ಅವನನ್ನು ಬೆಳಗಿನ ತಿಂಡಿಗೇ ಮುಗಿಸುತ್ತಾನೆ. ತಕ್ಕಡಿಯಲ್ಲಿ ಕಪ್ಪೆ ತೂಗುವುದೆಂದರೆ ಇದೇ. ಈ ತಟ್ಟೆಯಲ್ಲಿ ಒಂದನ್ನು ಕೂರಿಸುವಷ್ಟರಲ್ಲಿ ಆ ತಟ್ಟೆಯದು ನೆಗೆದಿರುತ್ತದೆ. ಸ್ಟಾಕ್‌ಹೋಮಿನವರು ವರ್ಷಗಟ್ಟಲೆ ತೂಗಿದರು. ಒಂದೊಂದು ಪ್ಯಾಚ್ ಬಂದಾಗಲೂ ಒಂದು ಗುಂಪಿಗೆ ಹಬ್ಬ, ಇನ್ನೊಂದಕ್ಕೆ ಸೂತಕ.

ನನ್ನ ಅಕ್ಕನ ಮಗ ಎರಡನೆಯ ಗುಂಪಿನವನು. ಎಂಜಿನಿಯರಿಂಗ್ ಓದುತ್ತಾನೆ. ಓದುತ್ತಾನೆ ಎಂಬುದು ಅವನ ಅಮ್ಮನ ನಂಬಿಕೆ. ‘ಮಾವ, ಹೋರ್ಡುಗಳು ತುಂಬಾ ಓಪಿ. ನರ್ಫ್ ಮಾಡ್ಲೇಬೇಕು’ ಎನ್ನುತ್ತಾನೆ. ಅವನ ಮಾತು ನನಗೆ ಅರ್ಥವಾಗಲು ಕೆಲವು ತಿಂಗಳೇ ಹಿಡಿದವು. ಅಲೆಮಾರಿಗಳಿಗೆ ಅತಿಯಾಯಿತು, ಕೊಂಚ ಕೊಬ್ಬು ಕರಗಿಸಬೇಕು ಎಂಬ ಅಭಿಪ್ರಾಯ. ಅವನು ಚೀನಾದ ಮಿಂಗ್ ಚಕ್ರವರ್ತಿಯಾಗಿ ಆಡುವವನು, ನಾನು ಅವನ ಉತ್ತರದ ಗಡಿಯಲ್ಲಿ ಕುದುರೆ ಮೇಯಿಸುವವನು. ಅವನ ದೃಷ್ಟಿಯಲ್ಲಿ ನ್ಯಾಯ ಎಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಈ ತೂಕದ ಜಗಳದಲ್ಲಿ ನನಗೆ ಬೇರೆಯೇ ಒಂದು ತಕರಾರಿದೆ. ಕುದುರೆಗೆ ಕೊಟ್ಟ ಅಂಕ ಹೆಚ್ಚಾಯಿತೋ ಕಡಮೆಯಾಯಿತೋ ಅಲ್ಲ, ಕೊಟ್ಟದ್ದು ಯಾತಕ್ಕೆ ಎಂದು. ಹುಲ್ಲುಬಯಲಿನ ಸವಾರ ನುಗ್ಗುವವನಲ್ಲ. ನುಗ್ಗುವವನು ಯುರೋಪಿನ ಕಬ್ಬಿಣದಂಗಿಯ ಸರದಾರ, ಈಟಿ ನೆಟ್ಟಗೆ ಹಿಡಿದು ಗೋಡೆಗೆ ಗೂಳಿ ಹಾಯುವ ಹಾಗೆ ಹಾಯುವವನು. ಇವನ ಕೈಯಲ್ಲಿರುವುದು ಬಿಲ್ಲು. ದೂರದಿಂದ ಹೊಡೆದು, ಹತ್ತಿರ ಬಂದರೆ ತಿರುಗಿ ಓಡುತ್ತ, ಓಡುತ್ತಲೇ ಹಿಂದಕ್ಕೆ ಬಾಣ ಬಿಡುವವನು. ನ್ಯಾಯವಾಗಿ ಅವನ ಲೆಕ್ಕ ಗುಂಡಿನ ಸರದಿಗೆ ಸೇರಬೇಕು. ಆಟದಲ್ಲಿ ಮೊದಮೊದಲು ಕುದುರೆಗೆ ಗುಂಡಿನ ಸರದಿಯಲ್ಲಿ ಸಿಗುವುದು ಸೊನ್ನೆ. ಅವನ ಬಾಣಗಳನ್ನೆಲ್ಲ ನುಗ್ಗಿನ ಖಾತೆಗೆ ಜಮಾ ಮಾಡಿ, ಓಡಿಹೋಗುವ ಕಲೆಯಲ್ಲಿ ಜಗದ್ವಿಖ್ಯಾತನಾದವನನ್ನು ಢಿಕ್ಕಿ ಹೊಡೆಯುವವನನ್ನಾಗಿ ಮಾಡಿಬಿಟ್ಟಿದ್ದಾರೆ.

ಆ ಬಿಲ್ಲನ್ನು ಒಮ್ಮೆ ಮನಸ್ಸಿನಲ್ಲಾದರೂ ಕೈಗೆತ್ತಿಕೊಳ್ಳಬೇಕು. ನಡುವೆ ಮರದ ತೆಳು ಪಟ್ಟಿ. ಬಿಲ್ಲಾಳಿನ ಕಡೆಗೆ ಕೊಂಬಿನ ಹಲ್ಲೆ, ಆಚೆಯ ಕಡೆಗೆ ಪ್ರಾಣಿಯ ನರ ಜಜ್ಜಿ ತೆಗೆದ ಎಳೆಗಳು. ಇವನ್ನೆಲ್ಲ ಒಂದು ಮಾಡುವುದು ತೊಗಲನ್ನೋ ಮೀನಿನ ಒಳಚೀಲವನ್ನೋ ಕುದಿಸಿ ತೆಗೆದ ಅಂಟು. ಕೊಂಬು ಒತ್ತಡವನ್ನು ತಾಳುತ್ತದೆ, ನರ ಎಳೆತವನ್ನು ತಾಳುತ್ತದೆ, ಮರ ಇಬ್ಬರ ನಡುವೆ ಸಂಧಾನ ಮಾಡಿಕೊಂಡು ಕೂತಿರುತ್ತದೆ. ಅಂಟು ಒಣಗಲು ತಿಂಗಳುಗಟ್ಟಲೆ ಬೇಕು. ಹೆದೆ ಬಿಚ್ಚಿದರೆ ಬಿಲ್ಲು ಮುನಿಸಿಕೊಂಡಂತೆ ಹಿಂದುಮುಂದಾಗಿ ಸುರುಳಿಕೊಳ್ಳುತ್ತದೆ. ಹೆದೆಯನ್ನು ಎಳೆಯುವುದು ಹೆಬ್ಬೆರಳಿನಿಂದ. ಅದಕ್ಕೆ ಕೊಂಬಿನದೋ ಮೂಳೆಯದೋ ಉಂಗುರ. ಇಷ್ಟೆಲ್ಲ ಮಾಡಿಟ್ಟರೂ ತೇವ ತಗುಲಿದರೆ ಅಂಟು ಬಿಟ್ಟಿತು. ಆಗುಂಬೆಯ ಒಂದು ಮಳೆಗಾಲಕ್ಕೆ ಚೆಂಗೀಸನ ಇಡೀ ಶಸ್ತ್ರಾಗಾರ ಮೆತ್ತಗಾಗಿ ಕೂರುತ್ತಿತ್ತು.

ಎದುರಾಳಿಯ ಬತ್ತಿಕೋವಿಯೂ ಮಳೆಗೆ ಅಂಜುವುದೇ. ನಳಿಗೆಯೊಳಗೆ ಮದ್ದು ಸುರಿ, ಗುಂಡು ಹಾಕು, ಸಲಾಕೆಯಿಂದ ಗಿಡಿ, ಪಕ್ಕದ ಬಟ್ಟಲಿಗೆ ನುಣ್ಣನೆಯ ಮದ್ದು ಚಿಮುಕಿಸು, ಕೆಂಡವಾಗಿರುವ ಬತ್ತಿಯನ್ನು ಊದು, ಗುರಿ ಹಿಡಿ, ಆಮೇಲೆ ದೇವರಿದ್ದಾನೆ. ಒಂದು ಗುಂಡು ಹಾರುವಷ್ಟರಲ್ಲಿ ಬಿಲ್ಲಿನವನು ನಾಲ್ಕಾರು ಬಾಣ ಬಿಟ್ಟು ಜಾಗ ಬದಲಾಯಿಸಿರುತ್ತಾನೆ. ಮತ್ತೇಕೆ ಕೋವಿ ಗೆದ್ದಿತು ಎಂದರೆ, ಬಿಲ್ಲಿನವನು ತಯಾರಾಗಲು ಅವನ ಬಾಲ್ಯವೆಲ್ಲ ಬೇಕು. ಕೋವಿಯವನನ್ನು ಹೊಲದಿಂದ ಎಬ್ಬಿಸಿ ತಂದು ಕೆಲವು ವಾರಗಳಲ್ಲಿ ನಿಲ್ಲಿಸಬಹುದು. ಅವನು ಸತ್ತರೆ ಇನ್ನೊಂದು ಹೊಲ. ಇವೆಲ್ಲವನ್ನೂ ಆಟ ಎರಡು ಬೆಲೆಚೀಟಿಗಳಲ್ಲಿ ಮುಗಿಸುತ್ತದೆ: ಕಾಲಾಳಿನ ದಳಕ್ಕೆ 10 ಡುಕಾಟ್ ನಾಣ್ಯ, ಕುದುರೆಯ ದಳಕ್ಕೆ 25. ಮತ್ತೆ ಯುದ್ಧದ ಕಿಟಕಿಯೊಳಗೆ ಮಳೆ ಬರುವುದೇ ಇಲ್ಲ.

ಆ 25ರ ಬೆಲೆಯನ್ನು ನೋಡಿದಾಗಲೆಲ್ಲ ನನ್ನೊಳಗಿನ ಖಾನ ಕೆರಳುತ್ತಾನೆ. ಹುಲ್ಲುಬಯಲಿನಲ್ಲಿ ಕುದುರೆಯನ್ನು ಯಾರೂ ಕೊಳ್ಳುವುದಿಲ್ಲ. ಅದು ಹುಟ್ಟುತ್ತದೆ, ಮೇಯುತ್ತದೆ, ಒಬ್ಬೊಬ್ಬನ ಹಿಂದೆ ನಾಲ್ಕಾರು ನಡೆದುಬರುತ್ತವೆ, ಒಂದು ದಣಿದರೆ ಇನ್ನೊಂದರ ಬೆನ್ನು. ಬೆಲೆ ಕಟ್ಟಬೇಕಾದ್ದು ನಮ್ಮಂಥವರ ಕುದುರೆಗೆ. ವಿಜಯನಗರಕ್ಕೆ ಕುದುರೆ ಬರುತ್ತಿದ್ದದ್ದು ಓರ್ಮುಜ್, ಏಡನ್‌ಗಳಿಂದ ಹಡಗಿನ ಮೇಲೆ. ಸಾಳುವ ನರಸಿಂಹ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಬದುಕಿದ್ದಕ್ಕೆ ಕೊಟ್ಟಷ್ಟೇ ಹಣ ಎಣಿಸುತ್ತಿದ್ದ ಎಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟಿದ್ದಾನೆ. ಬಾಲಕ್ಕೆ ಹಣ! ಆ ವ್ಯಾಪಾರಿಗಳಲ್ಲಿ ಯಾರಾದರೂ ಒಂದೇ ಬಾಲವನ್ನು ಎರಡು ಸಲ ತೋರಿಸಿರಲಿಕ್ಕಿಲ್ಲವೇ ಎಂಬ ಕೆಟ್ಟ ಅನುಮಾನ ನನಗೆ. ಹಾಗೆ ಜೋಪಾನವಾಗಿ ಕೂಡಿಸಿದ ಕುದುರೆಗಳೂ ತೋಪುಗಳೂ 1520ರಲ್ಲಿ ರಾಯಚೂರಿನ ಬಯಲಲ್ಲಿ ಎದುರಾದವು. ಆದಿಲಶಾಹಿಯ ತೋಪುಗಳು ಒಟ್ಟಿಗೇ ಗರ್ಜಿಸಿದಾಗ ರಾಯನ ಮುಂದಣ ಸಾಲು ಕದಲಿತು. ಅವು ಮತ್ತೆ ಮದ್ದು ತುಂಬಿಕೊಳ್ಳುವ ಬಿಡುವಿನಲ್ಲಿ ಕೃಷ್ಣದೇವರಾಯನೇ ಕುದುರೆಯೇರಿ ನುಗ್ಗಿದ. ಗುಂಡಿನ ಸರದಿ, ನುಗ್ಗಿನ ಸರದಿ! ಮೂರು ಮೂರು ದಿನವಲ್ಲದಿದ್ದರೂ ಆಟದವರ ಲೆಕ್ಕ ರಾಯಚೂರಿನ ಮಟ್ಟಿಗೆ ತಾಳೆಯಾಗುತ್ತದೆ.

ನನ್ನ ಓಯಿರಾತರ ವಿಷಯದಲ್ಲಿ ಮಾತ್ರ ತಾಳೆಯಾಗುವುದಿಲ್ಲ. ಆಟ ಶುರುವಾದ ಐದೇ ವರ್ಷಕ್ಕೆ, 1449ರಲ್ಲಿ, ನಿಜದ ಓಯಿರಾತರ ನಾಯಕ ಎಸೆನ್ ತೈಶಿ ಮಿಂಗ್ ಚಕ್ರವರ್ತಿ ಝೆಂಗ್‌ಟಾಂಗನನ್ನೇ ತುಮು ಎಂಬಲ್ಲಿ ಸೆರೆ ಹಿಡಿದ. ಚಕ್ರವರ್ತಿಯ ಹಿಂದೆ ಭಾರೀ ಸೈನ್ಯವಿತ್ತು, ಅದರಲ್ಲಿ ಮದ್ದಿನ ಆಯುಧಗಳೂ ಇದ್ದವು. ಎಸೆನ್‌ನ ಹತ್ತಿರ ಇದ್ದದ್ದು ಕುದುರೆ, ಬಿಲ್ಲು, ಮತ್ತು ಹೊಳೆ ಯಾವ ಕಡೆಗಿದೆ ಎಂಬ ತಿಳಿವಳಿಕೆ. ಮಿಂಗರು ನೀರಿಲ್ಲದ ಜಾಗದಲ್ಲಿ ಬೀಡು ಬಿಟ್ಟರು, ಓಯಿರಾತರು ಹೊಳೆಗೆ ಹೋಗುವ ದಾರಿಯಲ್ಲಿ ನಿಂತರು. ಆಮೇಲೆ ಬಾಣಕ್ಕಿಂತ ಮೊದಲು ಬಾಯಾರಿಕೆ ತನ್ನ ಕೆಲಸ ಮಾಡಿತು. ಚಕ್ರವರ್ತಿಯನ್ನು ಹಿಡಿದದ್ದೇನೋ ಆಯಿತು, ಇಟ್ಟುಕೊಂಡು ಮಾಡುವುದೇನು ಎಂದು ಎಸೆನ್‌ಗೆ ತೋಚಲಿಲ್ಲ. ಅತ್ತ ಬೀಜಿಂಗಿನಲ್ಲಿ ಅವನ ತಮ್ಮನನ್ನು ಪಟ್ಟಕ್ಕೆ ಕೂರಿಸಿದರು, ಊರನ್ನು ಕಾಯಲು ಯು ಚಿಯನ್ ಎಂಬ ಮಂತ್ರಿ ಟೊಂಕಕಟ್ಟಿದ. ಕೊಳ್ಳುವವರಿಲ್ಲದ ಚಕ್ರವರ್ತಿಯನ್ನು ಒಂದು ವರ್ಷ ಸಾಕಿ, 1450ರಲ್ಲಿ ವಾಪಸು ಕಳಿಸಿದರು. ಬಂದ ನೆಂಟನನ್ನು ಬಸ್ಸು ಹತ್ತಿಸಿ ನಿಟ್ಟುಸಿರು ಬಿಡುವ ಮನೆಯವರ ನೆಮ್ಮದಿ ಎಸೆನ್‌ಗೂ ಆಗಿರಬೇಕು.

ಈ ಬಾಯಾರಿಕೆಯನ್ನು ಯಾವ ಸರದಿಗೆ ಸೇರಿಸುವುದು? ಗುಂಡಿಗೋ, ನುಗ್ಗಿಗೋ?

ಬೆರಳ ತುದಿಯಲ್ಲಿ ಇದಕ್ಕೊಂದು ಉತ್ತರವಿದೆ ಎಂದು ಅಳಿಯ ಹೇಳುತ್ತಾನೆ. ಅವನು ತೋರಿಸುವುದು ‘ಏಜ್ ಆಫ್ ಎಂಪೈರ್ಸ್’ನ ಎರಡನೆಯದನ್ನು. 1999ರ ಆಟ, ಅವನಿಗಿಂತ ಹಿರಿಯದು. ಅದರಲ್ಲಿ ಮಂಗೋಲರಿಗೆ ಮಂಗುದಾಯ್ ಎಂಬ ಬಿಲ್ಲುಸವಾರರಿದ್ದಾರೆ. ಬಾಣ ಬಿಟ್ಟು, ತಟ್ಟನೆ ಹಿಂದಕ್ಕೆ ಸರಿಸಿ, ಮತ್ತೆ ತಿರುಗಿಸಿ ಬಾಣ ಬಿಡಿಸಿ, ಮತ್ತೆ ಸರಿಸಿ, ಹೀಗೆ ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದರೆ ಎದುರಿನ ಈಟಿಯವನು ಇವರನ್ನು ಮುಟ್ಟಲಾರ. ಹುಡುಗರು ಅದನ್ನು ಮೈಕ್ರೋ ಎನ್ನುತ್ತಾರೆ. ಇಲ್ಲಿ ಓಡುವ ಬಲ ಅಂಕಿಯಲ್ಲಿಲ್ಲ, ಆಡುವವನ ಬೆರಳಲ್ಲಿದೆ, ಅದು ನನಗೆ ಹಿಡಿಸಿತು. ಅಳಿಯನ ಬೆರಳುಗಳು ಕೀಲಿಮಣೆಯ ಮೇಲೆ ತಬಲಾ ನುಡಿಸುವಾಗ ಪರದೆಯ ಮೇಲೆ ಹದಿಮೂರನೆಯ ಶತಮಾನ ಧೂಳೆಬ್ಬಿಸುತ್ತದೆ. ನನ್ನ ಬೆರಳುಗಳಾದರೋ ವಿಲಂಬಿತ ಲಯದವು. ನನ್ನ ಮಂಗುದಾಯಿಗಳು ಒಂದು ಬಾಣ ಬಿಟ್ಟು, ಮುಂದಿನ ಅಪ್ಪಣೆಗಾಗಿ ವಿನಯದಿಂದ ಕಾಯುತ್ತ, ನಿಂತಲ್ಲೇ ವೀರಸ್ವರ್ಗ ಸೇರುತ್ತಾರೆ. ಇನ್ನೂ ಒಂದು ತಮಾಷೆ ಆ ಆಟದಲ್ಲಿತ್ತು. ಮದ್ದನ್ನು ಜಗತ್ತಿಗೆ ಕೊಟ್ಟ ಚೀನೀಯರಿಗೆ ಅಲ್ಲಿ ಕೋವಿಯವನೇ ಇಲ್ಲ! ಅವರಿಗೆ ಬೇರೆ ಅನುಕೂಲಗಳು ಸಾಕಷ್ಟಿದ್ದವು, ಇದನ್ನೂ ಕೊಟ್ಟರೆ ತಟ್ಟೆ ವಾಲುತ್ತಿತ್ತೇನೋ. ಸಮತೂಕದ ದೇವತೆ ಇತಿಹಾಸವನ್ನು ಬಲಿ ಕೇಳಿದರೆ ಆಟ ಕಟ್ಟುವವರು ಎರಡು ಸಲ ಯೋಚಿಸುವುದಿಲ್ಲ.

ಆದರೆ ಕುದುರೆ ಒಂದು ತಟ್ಟೆ, ಕೋವಿ ಇನ್ನೊಂದು ತಟ್ಟೆ ಎಂದು ಯಾರು ಹೇಳಿದರು? ಹುಡುಗರ ಜಗಳ ಕೇಳಿದರೆ ಕುದುರೆಯವರದೇ ಒಂದು ಜಾತಿ, ಕೋವಿಯವರದೇ ಇನ್ನೊಂದು, ಕೊಟ್ಟುತರುವ ಸಂಬಂಧವಿಲ್ಲ ಎನ್ನಿಸಬೇಕು. ಬಾಬರನಿಗೆ ಈ ಮಡಿ ಇರಲಿಲ್ಲ. ಹದಿಹರೆಯ ದಾಟುವ ಮೊದಲೇ, 1501ರಲ್ಲಿ, ಸಮರಕಂದದ ಹತ್ತಿರ ಶೈಬಾನಿ ಖಾನನ ಉಜ್ಬೇಕರು ಅವನನ್ನು ಪಕ್ಕದಿಂದ ಬಳಸಿ ಬೆನ್ನಿಗೆ ಬಂದು ಬಡಿದಿದ್ದರು. ತುಲುಗ್ಮಾ ಎಂಬ ಅಲೆಮಾರಿಗಳ ಹಳೆಯ ವರಸೆ ಅದು. ಪೆಟ್ಟು ತಿಂದವನು ಆ ವರಸೆಯನ್ನು ತನ್ನ ಪುಸ್ತಕದಲ್ಲಿ ಮೆಚ್ಚಿ ಬರೆದ. ಮುಂದೆ 1514ರಲ್ಲಿ ಚಾಲ್ದಿರಾನಿನಲ್ಲಿ ಇರಾನಿನ ಷಾ ಇಸ್ಮಾಯಿಲನ ಕೆಂಪುಟೊಪ್ಪಿಗೆಯ ಸವಾರರು ತುರ್ಕಿ ಸುಲ್ತಾನ ಸಲೀಮನ ತೋಪುಬಂಡಿಗಳ ಮೇಲೆ ಹಾಯ್ದು ಚೂರುಚೂರಾದರು. ತುರ್ಕರು ತೋಪುಗಳನ್ನು ಸಜ್ಜುಗೊಳಿಸುವ ಮುನ್ನವೇ ಎರಗೋಣ ಎಂದು ಅನುಭವಸ್ಥನೊಬ್ಬ ಹೇಳಿದರೂ ಷಾ ಕೇಳಲಿಲ್ಲ ಎಂಬ ಮಾತಿದೆ. ಆ ಬಂಡಿಕೋಟೆಯ ವಿದ್ಯೆ ಉಸ್ತಾದ್ ಅಲಿ ಕುಲಿ ಎಂಬ ತೋಪಿನವನ ಕೈಯಿಂದ ಬಾಬರನ ಬೀಡು ಸೇರಿತು.

1526ರ ಏಪ್ರಿಲಿನಲ್ಲಿ ಪಾಣಿಪತ್ತಿನ ಬಯಲಲ್ಲಿ ಬಾಬರ್ ಸಿಪಾಯಿಗಳಿಂದ ಬಂಡಿಗಳನ್ನು ತರಿಸಿದ. 700 ಬಂದವು ಎನ್ನುತ್ತದೆ ಅವನ ಪುಸ್ತಕ. ಅವನ್ನು ಸಾಲಾಗಿ ನಿಲ್ಲಿಸಿ, ಸರಪಳಿಯ ಬದಲು ಹಸಿ ತೊಗಲಿನ ಹಗ್ಗದಿಂದ ಒಂದಕ್ಕೊಂದು ಬಿಗಿದರು. ಎರಡು ಬಂಡಿಗಳ ನಡುವೆ ಐದಾರು ಮರೆಹಲಗೆ, ಅವುಗಳ ಹಿಂದೆ ಕೋವಿಯವರು. ನನಗೆ ಪರಮ ಸಂತೋಷ ಕೊಡುವುದು ಇದರ ಮುಂದಿನ ವಿವರ. ಈ ಸಾಲಿನಲ್ಲಿ ಬಾಣ ಹೋಗುವಷ್ಟು ದೂರಕ್ಕೊಂದೊಂದು ಕಂಡಿ ಬಿಟ್ಟಿದ್ದರು, ನೂರಿನ್ನೂರು ಸವಾರರು ಹೊರಗೆ ನುಗ್ಗುವಷ್ಟು ಅಗಲ. ಗೋಡೆಯೂ ಹೌದು, ಬಾಗಿಲೂ ಹೌದು. ನಡುವೆ ತುರ್ಕರಿಂದ ಕಲಿತ ಬಂಡಿ ಮತ್ತು ಕೋವಿ, ಎರಡು ತುದಿಗೆ ಉಜ್ಬೇಕರಿಂದ ಪೆಟ್ಟು ತಿಂದು ಕಲಿತ ಬಳಸು ವರಸೆ. ಆನೆಗಳೊಂದಿಗೆ ಬಂದ ಇಬ್ರಾಹಿಂ ಲೋದಿಯ ದಂಡನ್ನು ಪಕ್ಕಗಳಿಂದ ಒತ್ತರಿಸಿ ನಡುವಿನ ಗುಂಡಿನ ಬಾಯಿಗೆ ತಳ್ಳಿದರು. ನಡುಹಗಲಿನ ಹೊತ್ತಿಗೆ ಎಲ್ಲ ಮುಗಿದಿತ್ತು. ಒಂದು ಹಗ್ಗ, ಅದೂ ಹಸಿ ತೊಗಲಿನದು, ಕುದುರೆಗೂ ಕೋವಿಗೂ ಗಂಟು ಹಾಕಿತು. ಆಟದ ಯಾವ ಮೆಟ್ಟಿಲಿನಲ್ಲೂ ಈ ಹಗ್ಗ ನನಗೆ ಕಂಡಿಲ್ಲ.

ಉಸ್ತಾದ್ ಅಲಿ ಕುಲಿಯನ್ನು ಇಷ್ಟಕ್ಕೇ ಬಿಡಲು ಮನಸ್ಸಿಲ್ಲ. ಪಾಣಿಪತ್ತಿನ ಕೆಲವು ತಿಂಗಳ ಮೇಲೆ ಆಗ್ರಾದಲ್ಲಿ ಅವನು ಒಂದು ದೊಡ್ಡ ತೋಪು ಎರೆಯಲು ಹೊರಟ. ಅಚ್ಚಿನ ಸುತ್ತ 8 ಕುಲುಮೆ. ಬಾಬರ್ ನೋಡಲು ಬಂದ. ಕುಲುಮೆಗಳ ಬಾಯಿ ತೆರೆದರು, ಕರಗಿದ ಲೋಹ ಹೊಳೆಯಾಗಿ ಹರಿದು ಬಂತು, ಅಚ್ಚು ತುಂಬುವ ಮೊದಲೇ ನಿಂತುಹೋಯಿತು. ಲೋಹ ಸಾಲಲಿಲ್ಲ. ಚಕ್ರವರ್ತಿಯ ಎದುರಿಗೇ! ಉಸ್ತಾದ ಕುದಿಯುವ ಲೋಹಕ್ಕೆ ಹಾರಿಕೊಳ್ಳುವ ಹಂತಕ್ಕೆ ಬಂದನಂತೆ. ಬಾಬರ್ ಅವನಿಗೆ ಉಡುಗೊರೆಯ ಅಂಗಿ ಹೊದಿಸಿ ಸಮಾಧಾನ ಮಾಡಿದ. ಒಂದೆರಡು ದಿನ ಬಿಟ್ಟು ಅಚ್ಚು ಒಡೆದು ನೋಡಿದರೆ ಕಲ್ಲುಗುಂಡು ಕೂರುವ ಭಾಗ ಸೊಗಸಾಗಿಯೇ ಬಂದಿತ್ತು. ಮದ್ದಿನ ಕೋಣೆಯನ್ನು ಬೇರೆಯಾಗಿ ಎರೆದು ಕೂಡಿಸಿಕೊಂಡರು. ಆಟದಲ್ಲಿ ತೋಪಿನ ದಳಕ್ಕೆ 30 ಡುಕಾಟ್ ಕೊಟ್ಟು ಒಂದು ಬಟನ್ ಒತ್ತುತ್ತೇನೆ. ಅದರ ಹಿಂದೆ ಕುಲುಮೆಯ ಬಾಯಲ್ಲಿ ನಿಂತು ಎದೆ ಬಡಿದುಕೊಳ್ಳುವ ಒಬ್ಬ ಉಸ್ತಾದನಿದ್ದಾನೆ ಎಂದು ನೆನಪಾಗಿ, ಒತ್ತಿದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತೇನೆ.

ಅಲೆಮಾರಿಗಳು ಕೋವಿಯ ಮುಂದೆ ಬಾಯಿಬಿಟ್ಟು ನಿಂತರು ಎಂಬುದೂ ಅರ್ಧ ಕತೆಯೇ. ನನ್ನ ಓಯಿರಾತರ ಮರಿಮಕ್ಕಳಾದ ಝುಂಗಾರರು ಕೋವಿಯನ್ನೂ ತೋಪನ್ನೂ ಖುಷಿಯಿಂದಲೇ ಕೈಗೆತ್ತಿಕೊಂಡರು, ತೋಪನ್ನು ಒಂಟೆಯ ಬೆನ್ನಿಗೇರಿಸಿದರು. 1690ರಲ್ಲಿ ಉಲಾನ್ ಬುತುಂಗ್ ಎಂಬಲ್ಲಿ ಅವರ ಗಾಲ್ದಾನ್ ಖಾನ ಚೀನೀ ಚಕ್ರವರ್ತಿ ಕಾಂಗ್‌ಶಿಯ ತೋಪುಗಳಿಗೆ ಎದುರಾಗಿ ಒಂಟೆಗಳನ್ನೇ ಸಾಲಾಗಿ ಮಲಗಿಸಿ, ಮೇಲೆ ಒದ್ದೆ ಉಣ್ಣೆಗಂಬಳಿ ಹೊದಿಸಿ ಕೋಟೆ ಮಾಡಿಕೊಂಡ. ಉಸಿರಾಡುವ ಕೋಟೆ. ಒಂಟೆಗಳ ಅಭಿಪ್ರಾಯವನ್ನು ಯಾರೂ ದಾಖಲಿಸಿಲ್ಲ. ಝುಂಗಾರರಿಗೆ ತೋಪು ಎರೆಯಲು ಕಲಿಸಿದವರಲ್ಲಿ ಒಬ್ಬ ಯೋಹಾನ್ ಗುಸ್ತಾಫ್ ರೆನಾತ್. 1709ರ ಪೊಲ್ತಾವಾ ಯುದ್ಧದಲ್ಲಿ ರಷ್ಯನ್ನರಿಗೆ ಸೆರೆಸಿಕ್ಕು, ಸೈಬೀರಿಯಕ್ಕೆ ಹೋಗಿ, 1716ರಲ್ಲಿ ಝುಂಗಾರರ ಕೈಗೆ ಬಿದ್ದ. ಅಲ್ಲಿ ಸುಮಾರು 17 ವರ್ಷ ಅವರ ತೋಪಿನ ಕೆಲಸದಲ್ಲಿದ್ದು, ಕೊನೆಗೆ ಅವರ ನಾಡಿನ ನಕ್ಷೆಗಳನ್ನು ಕಟ್ಟಿಕೊಂಡು ಊರಿಗೆ ಮರಳಿದ. ಅವನ ಊರು ಸ್ಟಾಕ್‌ಹೋಮ್! ಹುಲ್ಲುಬಯಲಿನ ಕುದುರೆಗೆ ತೋಪನ್ನು ಸರಿತೂಗಿಸುವ ಚಟ ಆ ಊರಿನ ನೀರಲ್ಲೇ ಇದ್ದಿರಬೇಕು. ರೆನಾತ್ ನಿಜದ ಒಂಟೆಗಳ ಮೇಲೆ ಮಾಡಿದ್ದನ್ನು ಅವನ ಊರಿನವರು ಮೂರು ಶತಮಾನ ಬಿಟ್ಟು ಪರದೆಯ ಮೇಲೆ ಮಾಡುತ್ತ ಕೂತರು.

1750ರ ದಶಕದಲ್ಲಿ ಝುಂಗಾರರು ಅಳಿದದ್ದಕ್ಕೆ ಗುಂಡೊಂದೇ ಕಾರಣವಲ್ಲ. ಒಳಜಗಳ, ಸಿಡುಬು, ಒಂದು ಕಡೆಯಿಂದ ರಷ್ಯ, ಇನ್ನೊಂದು ಕಡೆಯಿಂದ ಚೀನಾ. ಎಲ್ಲಕ್ಕಿಂತ ಮಿಗಿಲಾಗಿ, ಚೀನೀ ದಂಡು ಹುಲ್ಲುಬಯಲಿನೊಳಗೆ ದಾರಿಯುದ್ದಕ್ಕೂ ಧಾನ್ಯದ ಉಗ್ರಾಣಗಳನ್ನು ಕಟ್ಟುತ್ತ ಬಂತು. ಓಡುವವನ ಬೆನ್ನು ಹತ್ತಿದವನಿಗೆ ಅಷ್ಟು ದೂರವೂ ಅನ್ನ ಸಿಗುವಂತಾದ ದಿನ, ಓಡುವುದಕ್ಕೆ ಇದ್ದ ಬೆಲೆ ಇಳಿಯಿತು.

ಅದಕ್ಕೆ ಮೊದಲು ಆ ಬೆಲೆ ಎಷ್ಟಿತ್ತು ಎಂಬುದಕ್ಕೆ ನನ್ನ ಮೆಚ್ಚಿನ ಸಾಕ್ಷಿ ಒಂದು ಮೊಲ. ಕೋವಿ ಹುಟ್ಟಲು ಇನ್ನೂ ಸಾವಿರಕ್ಕೂ ಹೆಚ್ಚು ವರ್ಷ ಇದ್ದ ಕಾಲ, ಕ್ರಿ.ಪೂ. 513ರ ಸುಮಾರು. ಪರ್ಷಿಯದ ಡೇರಿಯಸ್ ಸಿಥಿಯನ್ ಅಲೆಮಾರಿಗಳನ್ನು ಅಟ್ಟಿಕೊಂಡು ಕಪ್ಪು ಸಮುದ್ರದ ಆಚೆಯ ಹುಲ್ಲಿನೊಳಗೆ ಹೋದ. ಅವರು ಹಿಂದೆ ಹಿಂದೆ ಸರಿದರು, ಬಾವಿಗಳನ್ನು ಮುಚ್ಚಿದರು, ಹುಲ್ಲು ಹಾಳುಮಾಡಿದರು. ಗಂಡಸಾದರೆ ನಿಂತು ಹೋರಾಡು ಎಂದು ಡೇರಿಯಸ್ ಹೇಳಿಕಳಿಸಿದ್ದಕ್ಕೆ, ನಮಗೆ ಕಾಯಲು ಊರಿಲ್ಲ, ಹೊಲವಿಲ್ಲ, ಅವಸರವೇನು ಎಂಬ ಅರ್ಥದ ಉತ್ತರ ಬಂತು. ಕೊನೆಗೊಂದು ದಿನ ಎರಡು ಸೈನ್ಯಗಳೂ ಮುಖಾಮುಖಿ ನಿಂತವು. ಆಗ ನಡುವೆ ಒಂದು ಮೊಲ ಓಡಿತು. ಸಿಥಿಯನ್ನರು ಯುದ್ಧವನ್ನು ಅಲ್ಲೇ ಬಿಟ್ಟು, ಕೇಕೆ ಹಾಕುತ್ತ ಮೊಲದ ಹಿಂದೆ ಬಿದ್ದರು. ಡೇರಿಯಸ್‌ಗೆ ಆಗ ತಿಳಿಯಿತಂತೆ, ಇವರು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು. ಅಂದಿನ ರಾತ್ರಿಯೇ ಅವನು ಹಿಂದಿರುಗುವ ಸಿದ್ಧತೆ ಮಾಡಿದ ಎಂದು ಹೆರೊಡೊಟಸ್ ಹೇಳುತ್ತಾನೆ. ನನ್ನ ಆಟದಲ್ಲಾದರೋ ಖಾನನಿಗೂ ರಾಜಧಾನಿ ಉಂಟು, ಪ್ರಾಂತಗಳುಂಟು. ಶತ್ರು ಬಂದು ಅವುಗಳ ಮೇಲೆ ಕೂತರೆ ಯುದ್ಧದ ಅಂಕ ಅವನ ಪಾಲು. ಓಡಿಹೋದರೆ ನಾನೇ ಸೋಲುವುದು. ಹಾಗಾಗಿ ಕಾಯಬೇಕು, ನುಗ್ಗಬೇಕು, ಚೌಕದ ತುದಿಯಲ್ಲಿ ಸರದಿ ಬರುವ ತನಕ ನಿಲ್ಲಬೇಕು.

ಈ ಅನ್ಯಾಯಕ್ಕೆ ಪರಿಹಾರವಾಗಿ ನಾನೊಂದು ತಿದ್ದುಪಡಿ ಯೋಚಿಸಿದ್ದೇನೆ. ಸ್ಟಾಕ್‌ಹೋಮಿಗೆ ಬರೆಯುವ ಮೊದಲು ಅಳಿಯನ ಮುಂದಿಟ್ಟೆ. ಖಾನನಿಗೆ ನುಗ್ಗಿನ ಬೋನಸ್ಸು ಬೇಡವೇ ಬೇಡ, ಒಂದು ಬಟನ್ ಕೊಡಲಿ, ‘ಗೈರುಹಾಜರು’ ಅಂತ. ಒತ್ತಿದರೆ ಡೇರೆ, ಕುರಿ, ಕುದುರೆ, ಅಜ್ಜಿಯರ ಸಮೇತ ಇಡೀ ದೇಶ ನಕ್ಷೆಯಿಂದ ಮಾಯ.

‘ಆಮೇಲೆ ಎದುರಿನವನು ಏನ್ ಮಾಡ್ಬೇಕು ಮಾವ?’

‘ಹುಲ್ಲಿನೊಳಗೆ ನಡೀತಾ ಇರ್ಬೇಕು. ಬಾಯಾರಿಕೆ ಆಗ್ತಾ ಇರುತ್ತೆ.’

‘ಎಷ್ಟು ಹೊತ್ತು?’

‘ಬೇಜಾರಾಗಿ ಮನೆಗೆ ಹೋಗೋ ತನಕ.’

ಅವನು ಗಂಭೀರವಾಗಿ ಯೋಚಿಸಿದ. ಈಗಿನ ಹುಡುಗರಲ್ಲಿ ಇದೊಂದು ಗುಣ, ಆಟದ ವಿಷಯವನ್ನು ತಮಾಷೆಗೆ ತೆಗೆದುಕೊಳ್ಳುವುದಿಲ್ಲ. ‘ಹಂಗಾದ್ರೆ ಬ್ಯಾಲೆನ್ಸ್ ಆಗ್ಬೇಕಲ್ಲ. ಕೋವಿಯವರಿಗೂ ಒಂದು ಬಟನ್ ಕೊಡಿ. ಒತ್ತಿದ್ರೆ ಬಂಡಿ ಕಟ್ಕೊಂಡು ಒಳಗೆ ಕೂತ್ಬಿಡ್ತಾರೆ. ನೀವು ವಾಪಸ್ ಬಂದ್ರೂ ಏನೂ ಮಾಡಕ್ಕಾಗಲ್ಲ.’

ನನಗೆ ಒಪ್ಪಿಗೆಯಾಯಿತು. ಒಬ್ಬರು ಇಲ್ಲ, ಇನ್ನೊಬ್ಬರು ಏಳುವುದಿಲ್ಲ. 1444ರಿಂದ 1821ರವರೆಗೆ ಗಾಳಿ, ಹುಲ್ಲು, ಒಂದು ಸುತ್ತು ಬಂಡಿ. ಇಂಥ ಆಟವನ್ನು ನಾನು ಸೋಲದೆ ಆಡಬಲ್ಲೆ, ಬೆರಳಿಗೂ ಶ್ರಮವಿಲ್ಲ. ಪೂರ್ತಿ ಖಾಲಿ ಕಾಣಬಾರದೆಂದು ನಡುವೆ ಒಂದು ಮೊಲ ಬಿಡೋಣ ಎಂದೆ.

ಅಳಿಯ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡ.

‘ಮೊಲದ ಸ್ಪೀಡ್ ಎಷ್ಟಿಡೋಣ ಮಾವ?’